ತುಂಬಿದ ಕೈ

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಹೋದ ತಿಂಗಳು ವೀಡಿಯೊ ಕಾಲ್ ಮಾಡಿ ತನ್ನ ಕಾರ್ ಶೆಡ್ ತೋರಿಸಿದ. ಅಲ್ಲೊಂದು ಮೇಜು, ಮೇಜಿನ ಮೇಲೆ ನಮ್ಮ ಶಾವಿಗೆ ಒತ್ತುವ ಒರಳಿನಂಥ ಹಿಡಿಕೆಯ ಯಂತ್ರ. ಭಾನುವಾರಗಳಂದು ಅವನು ಗುರಿ ಹೊಡೆಯುವ ಕ್ಲಬ್ಬಿಗೆ ಹೋಗುತ್ತಾನೆ. ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗೆ ಬಂದೂಕಿನಿಂದ ಹೊಡೆಯುವ ಆಟ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಪದಕ ತಂದರಲ್ಲ, ಆ ಜಾತಿಯದು. ಹೊಡೆದು ಉಳಿದ ಖಾಲಿ ತೋಟಾಗಳನ್ನು ಮನೆಗೆ ತಂದು, ಮದ್ದು, ಚರೆ ತುಂಬಿ ಮತ್ತೆ ಬಳಸುತ್ತಾನಂತೆ. "ದೊಡ್ಡಮ್ಮ, ಒಂದೇ ತೋಟಾ ನಾಲ್ಕೈದು ಸಲ ಬರುತ್ತೆ. ನೀವು ಹಾರ್ಲಿಕ್ಸ್ ಬಾಟ್ಲಿ ಎಸೀತಿರಲಿಲ್ವಲ್ಲ, ಹಾಗೇ" ಎಂದು ನಕ್ಕ. ನಾನೂ ನಕ್ಕೆ. ಫೋನಿಟ್ಟ ಮೇಲೆ ನನ್ನ ಬೆರಳ ತುದಿಯನ್ನು ಮೂಸಿ ನೋಡಿಕೊಂಡೆ. ಅರವತ್ತು ದಾಟಿದ ಹೆಂಗಸು ಹೀಗೆ ಮಾಡುವುದನ್ನು ಯಾರಾದರೂ ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದರೋ!

ನನ್ನ ತೌರು ಗುಬ್ಬಿಯ ಹತ್ತಿರದ ಒಂದು ಹಳ್ಳಿ. ನಮ್ಮ ದೊಡ್ಡಪ್ಪನ ಬಳಿ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಹನ್ನೆರಡು ಬೋರಿನ ತೋಟಾ ಕೋವಿ ಇತ್ತು. ಹನ್ನೆರಡು ಬೋರ್ ಅಂದರೇನು ಅಂತ ಕೇಳಿದ್ದಕ್ಕೆ, "ಒಂದು ಪೌಂಡು ಸೀಸದಲ್ಲಿ ಒಂದೇ ಸಮ ಹನ್ನೆರಡು ಗುಂಡು ಮಾಡಿದ್ರೆ, ಒಂದು ಗುಂಡು ಎಷ್ಟು ದಪ್ಪನೋ ನಳಿಗೆ ಬಾಯಿ ಅಷ್ಟು ಅಗಲ ಕಣವ್ವ. ನಿಮ್ಮಮ್ಮ ಒಂದು ಹಿಟ್ಟಿಗೆ ಹನ್ನೆರಡು ಮುದ್ದೆ ಕಟ್ಟಲ್ವ, ಹಂಗೆ" ಎಂದಿದ್ದರು. ಆಯುಧಪೂಜೆಯ ದಿನ ಆ ಕೋವಿಗೆ ಕುಂಕುಮ, ಹೂವು. ಮರುದಿನ ಬನ್ನಿ ಮುಡಿದು ಬಂದ ಮೇಲೆ ಕೆರೆಯ ಏರಿಗೆ ತೆಂಗಿನಕಾಯಿ ಇಟ್ಟು ಗುರಿ ಹೊಡೆಯುವುದು. ಕೊಡಗಿನವರಿಗೆ ಕೈಲ್‌ಪೊಳ್ದ್ ಹಬ್ಬದಲ್ಲಿ ಇದು ದೊಡ್ಡ ಸಂಭ್ರಮ. ನಮ್ಮ ಕಡೆ ಹಾಗೇನಿಲ್ಲ, ಇದು ನಮ್ಮ ದೊಡ್ಡಪ್ಪನ ಸ್ವಂತ ಖಯಾಲಿ.

ಹೊಸ ತೋಟಾ ದುಬಾರಿ. ಅದನ್ನು ಕೊಂಡರೆ ಲೈಸೆನ್ಸ್ ಪುಸ್ತಕದಲ್ಲಿ ಬರೆಸಬೇಕು, ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಉಂಟು. ಆದ್ದರಿಂದ ದೊಡ್ಡಪ್ಪ ಖಾಲಿ ತೋಟಾಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟು, ದಸರಾಕ್ಕೆ ಮುಂಚೆ ಪಡಸಾಲೆಯಲ್ಲಿ ಕೂತು ಮತ್ತೆ ತುಂಬುತ್ತಿದ್ದರು. ಅವರ ಕೈ ನಡುಗುತ್ತಿತ್ತು. ಹದಿಮೂರು ವರ್ಷದ ನನ್ನ ಬೆರಳು ಸಣ್ಣ, ಕಣ್ಣು ಚುರುಕು. ಕೇಪು, ಮದ್ದು, ನಡುವೆ ಬಿರಡೆ, ಮೇಲೆ ಚರೆ, ಕೊನೆಗೆ ಮುಚ್ಚಳ. ಒಂದು ಕಾಳು ಚೆಲ್ಲದೆ ತುಂಬುತ್ತಿದ್ದೆ. ಅಮ್ಮ ಒಳಗೆ ದೀಪಾವಳಿಯ ಕರ್ಜಿಕಾಯಿಗೆ ಹೇಗೆ ಅಂಚು ಒತ್ತುತ್ತಿದ್ದಳೋ, ನಾನು ಹೊರಗೆ ಹಾಗೇ ತೋಟಾದ ಅಂಚು ಒತ್ತುತ್ತಿದ್ದೆ. ನಾನು ತುಂಬಿದ್ದಕ್ಕೆ ತಳದಲ್ಲಿ ನೀಲಿ ಶಾಯಿಯ ಒಂದು ಚುಕ್ಕೆ. "ಈ ಮಗ ತುಂಬಿದ್ದು ಒಂದೂ ಠುಸ್ ಅನ್ನಲ್ಲ" ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹೆಣ್ಣುಮಗುವಿನ ಅಚ್ಚುಕಟ್ಟನ್ನು ಅಡಿಗೆಮನೆಯ ಹೊರಗೆ ಹೊಗಳಿದ ಮೊದಲ ಗಂಡಸು ಅವರು. ಆ ಮಾತು ಕೇಳಲೆಂದೇ ನಾನು ಆ ವರ್ಷ ಲೆಕ್ಕಕ್ಕಿಂತ ಹೆಚ್ಚು ತುಂಬಿದೆ.

ಅದು 1976. ಕಾಯಿಗಳೆಲ್ಲ ಒಡೆದು, ಜನ ಚದುರಿ, ಹೊತ್ತು ಮುಳುಗುವಾಗ ಡಬ್ಬಿಯಲ್ಲಿ ಇನ್ನೂ ಎರಡು ತೋಟಾ ಉಳಿದಿದ್ದವು. ಹೊಸವಾಗಿದ್ದರೆ ದೊಡ್ಡಪ್ಪ ಜೋಪಾನವಾಗಿ ಒಳಗಿಡುತ್ತಿದ್ದರು. "ಹೆಂಗೂ ಪುಕ್ಕಟೆವು" ಎಂದು ಏರಿಯ ಮೇಲೆ ಒಂದು ಹಳೆ ಗಡಿಗೆ ಇಡಿಸಿದರು. ಗಡಿಗೆ ಒಡೆಯಿತು. ಏರಿಯ ಆಚೆಯಿಂದ ಒಂದು ಕೂಗು ಬಂತು.

ನಮ್ಮ ತೋಟದ ಆಳಿನ ಮಗ, ಹನ್ನೆರಡು ವರ್ಷದವನು, ತಪ್ಪಿಸಿಕೊಂಡ ಕರು ಹುಡುಕುತ್ತಾ ಏರಿ ಹತ್ತುತ್ತಿದ್ದನಂತೆ. ಮೂರು ಚರೆ ತಗುಲಿದ್ದವು. ಎರಡು ತೋಳಿಗೆ, ಒಂದು ಕಣ್ಣಿಗೆ ಎರಡು ಬೆರಳು ಕೆಳಗೆ. ಗಾಡಿ ಕಟ್ಟಿಸಿ ರಾತ್ರೋರಾತ್ರಿ ಗುಬ್ಬಿಗೆ ಕರೆದೊಯ್ದರು. ಡಾಕ್ಟರು ಎರಡನ್ನು ತೆಗೆದರು. ತೋಳಿನ ಒಳಗೆ ಆಳಕ್ಕೆ ಹೋದದ್ದು ಹಾಗೇ ಇರಲಿ ಎಂದರು. ಯಾರೂ ಠಾಣೆಗೆ ಹೋಗಲಿಲ್ಲ. ಹುಡುಗನ ಅಪ್ಪ ನಮ್ಮ ಮನೆಯ ಸಾಲದಲ್ಲಿದ್ದ. ಅವರ ಮನೆಗೆ ಒಂದು ಪಲ್ಲ ರಾಗಿ ಹೋಯಿತು, ಸಾಲದ ಮಾತು ನಿಂತಿತು. ಸಿಡಿದ ತೋಟಾವನ್ನು ನಾನೇ ಹುಲ್ಲಿನಲ್ಲಿ ಹುಡುಕಿ ತೆಗೆದೆ. ತಳದಲ್ಲಿ ನೀಲಿ ಚುಕ್ಕೆ ಇತ್ತು.

ನಾನು ಎರಡು ದಿನ ಊಟ ಬಿಟ್ಟೆ. ಅಜ್ಜಿ ತಲೆ ನೇವರಿಸಿ, "ನೀನೇನ್ ಮಾಡ್ದೆ ಬುಡವ್ವ, ತುಂಬ್ಕೊಟ್ಟೆ ಅಷ್ಟೆ" ಎಂದರು. ಆ 'ಅಷ್ಟೆ' ಎಂಬ ಮಾತನ್ನು ನಾನು ಇಷ್ಟು ವರ್ಷವೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ.

ಮದುವೆಯಾಗಿ ಕುಣಿಗಲ್ಲಿಗೆ ಬಂದೆ. ಅಲ್ಲಿ ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದ ಒಬ್ಬರು ನಮ್ಮ ನೆರೆಯವರು. ಕುದುರೆಯನ್ನು ಮಗುವಿನಂತೆ ಉಜ್ಜಿ ತೊಳೆಯುವವರು. ಬೆಂಗಳೂರಿನ ರೇಸಿನಲ್ಲಿ ಸಂಬಳ ಕಳಕೊಂಡು ಮನೆ ಮುರಿದುಕೊಂಡವರ ವಿಷಯ ಬಂದಾಗ ಅವರನ್ನೊಮ್ಮೆ ಕೇಳಿಯೇಬಿಟ್ಟೆ. "ನಾನು ಕುದುರೆ ನೋಡ್ಕೋತೀನಿ ಕಣಮ್ಮ, ಜೂಜು ನೋಡಲ್ಲ" ಎಂದರು. ಎಷ್ಟು ಹಿತವಾದ ಉತ್ತರ! ಕೆಲವು ವರ್ಷ ನಾನು ಅದನ್ನೇ ಹೊದ್ದುಕೊಂಡು ಮಲಗಿದೆ. ಆಮೇಲೆ ಅದು ನನಗೆ ಸಾಲದೆಂದು ತಿಳಿಯಿತು. ಕುದುರೆಗೆ ರೇಸಲ್ಲದೆ ಬೇರೆ ಬದುಕೂ ಇದೆ: ಹುಲ್ಲು ಮೇಯುತ್ತದೆ, ಮರಿ ಹಾಕುತ್ತದೆ, ಬಿಸಿಲಿಗೆ ಮೈ ಕಾಯಿಸುತ್ತದೆ. ತುಂಬಿದ ತೋಟಾಕ್ಕೆ ಸಿಡಿಯುವುದು ಬಿಟ್ಟು ಬೇರೆ ಏನಿದೆ?

ತುಮಕೂರಿಗೆ ಮನೆ ಬದಲಿಸಿದ ಮೇಲೆ ಜೈನ ಗೆಳತಿಯೊಬ್ಬಳು ಮಂದರಗಿರಿಯ ಬಸದಿ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಬೆಟ್ಟದ ಕೆಳಗೆ ಮುನಿಗಳ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಕಟ್ಟಿದ ಎತ್ತರದ ಮಂದಿರವಿದೆಯಲ್ಲ, ಅದರ ನೆರಳಲ್ಲಿ ಕೂತು ಅವಳು ಹೇಳಿದಳು: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು. ಮೂರೂ ಲೆಕ್ಕಕ್ಕೆ ಬರುತ್ತವೆ. ಕೂಡುವ ಮುಂಚೆ ನೆಲದ ಹುಳುವನ್ನು ಗರಿಯಿಂದ ಸರಿಸುವ ಧರ್ಮ ಅದು. ಅಲ್ಲಿ 'ಅಷ್ಟೆ' ಎಂಬ ಮಾತಿಗೆ ಜಾಗ ಕಡಿಮೆ. ಬಸ್ಸಿನಲ್ಲಿ ಬರುತ್ತಾ ನನ್ನದು ಯಾವ ಸಾಲಿನಲ್ಲಿ ಬರುತ್ತದೆಂದು ಹುಡುಕಿದೆ. ನಾನು ಹೊಡೆಯಲಿಲ್ಲ, ಹೊಡೆಸಲಿಲ್ಲ. ಹುಡುಗನಿಗೆ ತಗುಲಿದ್ದನ್ನು ಮೆಚ್ಚಲಂತೂ ಇಲ್ಲ. ಆದರೆ ಠುಸ್ ಅನ್ನಲ್ಲ ಎಂಬ ಹೊಗಳಿಕೆಯನ್ನು ಮೆಚ್ಚಿದ್ದೆ. ಠುಸ್ ಅನ್ನದ ತೋಟಾ ಎಂದರೆ ಏನೆಂದು ಹದಿಮೂರು ವರ್ಷದವಳಿಗೆ ತಿಳಿಯದೆ ಇರಲಿಲ್ಲ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಬೇರೆ ಒಂದು. ದೊಡ್ಡಪ್ಪ ಕ್ರೂರಿಯಲ್ಲ, ಅಜಾಗರೂಕರೂ ಅಲ್ಲ. ಹೊಸ ತೋಟಾವನ್ನು ಕೈಗೆತ್ತಿಕೊಂಡಾಗ ಅವರು ಏರಿಯ ಮೇಲೆ ಆಳು ನಿಲ್ಲಿಸಿ, ಆಚೆ ಈಚೆ ನೋಡಿಸಿ, ಆಮೇಲೆ ಹೊಡೆಯುವರು. ಆ ಬೆಲೆಯೇ ಅವರಿಗೆ ಒಂದು ಗಳಿಗೆ ಯೋಚನೆ ಕೊಡುತ್ತಿತ್ತು. ನಾನು ಉಳಿಸಿಕೊಟ್ಟದ್ದು ಹಣವನ್ನು. ಜತೆಯಲ್ಲಿ ಕಳೆದದ್ದು ಆ ಗಳಿಗೆಯನ್ನು. ಮಿತವ್ಯಯವೆಂದರೆ ಯಾವಾಗಲೂ ಒಳ್ಳೆಯದೆಂದು ನಮ್ಮನ್ನು ಬೆಳೆಸಿದ್ದಾರೆ. ಹಾಲಿನ ಕವರು ತೊಳೆದು ಒಣಹಾಕುವ, ಹಳೆ ಸೀರೆಯಲ್ಲಿ ಕೌದಿ ಹೊಲಿಯುವ ನಾವು, ಉಳಿಸಿದ್ದು ಯಾವುದಕ್ಕೆ ಎಂದು ಕೇಳಿಕೊಳ್ಳುವುದು ಅಪರೂಪ. ನೀವೇ ಹೇಳಿ, ಕೇಳುತ್ತೇವೆಯೇ?

ಮುಂದಿನ ಮಾರ್ಚಿಯಲ್ಲಿ, 1977ರ ಲೋಕಸಭಾ ಚುನಾವಣೆಗೆ, ಎಲ್ಲರಂತೆ ದೊಡ್ಡಪ್ಪನೂ ಕೋವಿಯನ್ನು ಠಾಣೆಯಲ್ಲಿಟ್ಟು ಬಂದರು. ಚುನಾವಣೆ ಮುಗಿದ ಮೇಲೆ ಬಿಡಿಸಿಕೊಂಡು ಬರಲು ತುಂಬಾ ದಿನ ಹೋಗಲೇ ಇಲ್ಲ. ತಂದ ಮೇಲೂ ಬಿಸ್ಕತ್ತಿನ ಡಬ್ಬಿ ಹೊರಗೆ ಬರಲಿಲ್ಲ. ನಮ್ಮಿಬ್ಬರ ನಡುವೆ ಆ ಮಾತು ಅವರು ತೀರಿಕೊಳ್ಳುವವರೆಗೂ ಬರಲಿಲ್ಲ.

ಆ ಹುಡುಗ ಎರಡು ವರ್ಷದ ಹಿಂದೆ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಹುಡುಗ ಎನ್ನುತ್ತೇನೆ, ಮೊಮ್ಮಕ್ಕಳಿದ್ದಾರೆ. ಕೈಯಲ್ಲಿ ಎಕ್ಸ್‌ರೇಯ ಉದ್ದ ಕವರು. ಭುಜದ ನೋವಿಗೆ ತೋರಿಸಲು ಬಂದಿದ್ದನಂತೆ. ಬೆಳಕಿಗೆ ಹಿಡಿದು ತೋರಿಸಿದ. ಮೂಳೆಯ ಪಕ್ಕದಲ್ಲಿ ಸಾಸಿವೆಕಾಳಿನಂಥ ಬಿಳಿ ಚುಕ್ಕೆ. "ಇದೇನಯ್ಯಾ ಅಂದ್ರು ಡಾಕ್ಟ್ರು. ಚಿಕ್ಕೋನಿದ್ದಾಗ ಬಿದ್ದಿದ್ದೆ ಅಂದೆ ಅಮ್ಮಾವ್ರೆ" ಎಂದು ನಕ್ಕ. ದೊಡ್ಡಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು, ಇವನು ಇನ್ನೂ ನಮ್ಮ ಮನೆಯ ಮಾನ ಕಾಯುತ್ತಿದ್ದ. ಅಮೆರಿಕದಲ್ಲಿ ಬಾತುಕೋಳಿಗಳು ಕೆರೆಯ ತಳದ ಚರೆಯನ್ನು ಕಲ್ಲುಹರಳೆಂದು ನುಂಗಿ, ಸೀಸದ ವಿಷವೇರಿ ಸಾಯುತ್ತವೆಂದು 1991ರಲ್ಲಿ ಬಾತಿನ ಬೇಟೆಗೆ ಸೀಸದ ಚರೆಯನ್ನೇ ನಿಷೇಧಿಸಿದರಂತೆ. ತಂಗಿಯ ಮಗನೇ ಹೇಳಿದ್ದು. ಹೊಡೆದವನು ಮನೆಗೆ ಹೋದ ಎಷ್ಟೋ ವರ್ಷದ ಮೇಲೂ ಚರೆ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ತುಂಬಿದವಳು ನಾನೆಂದು ಅವನಿಗೆ ಗೊತ್ತಿಲ್ಲ. ಅಂದು ಹೇಳಬೇಕೆಂದು ಬಾಯಿ ತೆರೆದೆ, ಗುಬ್ಬಿ ಬಸ್ಸು ಬಂತು. ಹೇಳಿದರೆ ಯಾರ ಮನಸ್ಸು ಹಗುರವಾಗುತ್ತದೆ? ನನ್ನದೇ ತಾನೆ. ಅವನಿಗೆ ಸಿಗುವುದೇನು, ಇನ್ನೊಬ್ಬರನ್ನು ಕ್ಷಮಿಸುವ ಕೆಲಸ. ಹೇಳದಿದ್ದರೆ, ಯಾರು ಯಾರ ಕೈ ಇದರಲ್ಲಿತ್ತು ಎಂದು ತಿಳಿಯುವ ಅವನ ಹಕ್ಕನ್ನು ನಾನು ಡಬ್ಬಿಯಲ್ಲಿ ಮುಚ್ಚಿಟ್ಟಂತೆ.

ತಂಗಿಯ ಮಗನಿಗೆ ಮರುದಿನ ನಾನೇ ಫೋನ್ ಮಾಡಿದೆ. ಬಿಲ್ಲೆ ಹಾರಿಸುವ ಬಯಲಿನ ಆಚೆ ಏನಿದೆಯಪ್ಪಾ ಎಂದು ಕೇಳಿದೆ. "ಏನೂ ಇಲ್ಲ ದೊಡ್ಡಮ್ಮ, ಬರೀ ಹುಲ್ಲು. ಬೇಲಿ ಇದೆ, ಬೋರ್ಡ್ ಇದೆ" ಎಂದ. ಒಳ್ಳೆಯದು ಎಂದೆ. ಆಮೇಲೆ ಅವನಿಗೆ ಏರಿಯ ಕತೆ ಹೇಳಿದೆ, ನೀಲಿ ಚುಕ್ಕೆಯನ್ನೂ ಸೇರಿಸಿ. ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಬಹಳ ಹೊತ್ತು ಸುಮ್ಮನಿದ್ದು, "ಅವರಿಗೆ ಗೊತ್ತಾ ದೊಡ್ಡಮ್ಮ?" ಎಂದ.

ಬರುವ ಭಾನುವಾರ ಗುಬ್ಬಿಯಲ್ಲಿ ಅವನ ಮೊಮ್ಮಗಳ ನಾಮಕರಣ. ಮನೆಗೇ ಬಂದು ಕರೆದು ಹೋಗಿದ್ದಾನೆ. ಮಗುವಿಗೆ ಬೆಳ್ಳಿಯ ಕಾಲ್ಗಡಗ ತಂದಿಟ್ಟಿದ್ದೇನೆ.