ಇದಕ್ಕೆಲ್ಲ ಟೈಮ್ ಎಲ್ಲಿ ಸಿಗ್ತದೆ?

ಸಂಶೋಧನಾ ವಿದ್ಯಾರ್ಥಿಯೊಬ್ಬ ಭಾನುವಾರ ಇಡೀ ದಿನ ಹಾಸ್ಟೆಲ್ ಕೋಣೆಯಲ್ಲಿ ಮಲಗಿದ್ದೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಪಾಪ, ದಣಿದಿದ್ದಾನೆ ಅನ್ನುತ್ತಾರೆ. ಮೂರು ಗಂಟೆ ಫೋನಿನಲ್ಲಿ ರೀಲ್ಸ್ ನೋಡಿದೆ ಎಂದರೂ ನಕ್ಕು ಸುಮ್ಮನಾಗುತ್ತಾರೆ. ಆದರೆ ಭಾನುವಾರ ಎರಡು ಗಂಟೆ ಮದ್ದಳೆ ಬಾರಿಸಿದೆ ಎಂದು ಹೇಳಿ ನೋಡಿ. ಕೂಡಲೇ ಪ್ರಶ್ನೆ ಬರುತ್ತದೆ: "ಇದಕ್ಕೆಲ್ಲ ಟೈಮ್ ಎಲ್ಲಿ ಸಿಗ್ತದೆ ಮಾರಾಯ ನಿನಗೆ?"

ಮೇಲುನೋಟಕ್ಕೆ ಇದು ಸಮಯದ ಲೆಕ್ಕ. ಸಮಯದ್ದೇ ಲೆಕ್ಕವಾಗಿದ್ದರೆ ಮಲಗಿ ಕಳೆದ ಹನ್ನೆರಡು ಗಂಟೆಯ ಬಗ್ಗೆ ಮೊದಲು ಕೇಳಬೇಕಿತ್ತು. ಹಾಗೆ ಕೇಳುವುದಿಲ್ಲ. ಯಾಕೆಂದರೆ ದಣಿವಾರಿಸಿಕೊಳ್ಳುವುದೂ ಕೆಲಸದ ಒಂದು ಭಾಗ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಉಳುವ ಎತ್ತಿಗೂ ನೆರಳು, ನೀರು ಬೇಕಲ್ಲ. ಕೆಲಸಕ್ಕೆ ಸಂಬಂಧವೇ ಇಲ್ಲದ ಇನ್ನೊಂದರ ಮೇಲೆ ಇವನು ಮನಸ್ಸಿಟ್ಟಿದ್ದಾನೆ, ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದಾನೆ ಅನ್ನುವುದು ಮಾತ್ರ ಕೇಳುವವರಿಗೆ ಕಸಿವಿಸಿ. ಕೆಲವು ವರ್ಷಗಳಿಂದ ಈ ಪ್ರಶ್ನೆಯನ್ನು ಕೇಳಿಸಿಕೊಳ್ಳುತ್ತಾ ಬಂದಿರುವ ನನಗೆ ಇದು ನೈತಿಕ ಪ್ರಶ್ನೆಯಾಗಿಯೇ ಕಾಣುತ್ತದೆ. ಒಬ್ಬ ಮನುಷ್ಯನ ಗಮನದ ಮೇಲೆ ಅವನ ಕೆಲಸಕ್ಕೆ ಎಷ್ಟು ಹಕ್ಕಿದೆ?

ನಾನು ಬೆಂಗಳೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇದು ಐದನೆಯ ವರ್ಷ. ಹೊಸ ಅಣುಗಳನ್ನು ಕಟ್ಟುವುದು ನಮ್ಮ ಲ್ಯಾಬಿನ ಕೆಲಸ. ಕೇಳಲು ಚಂದ, ಮಾಡುವಾಗ ಅದರ ಬಹುಪಾಲು ಕಾಯುವಿಕೆ ಮತ್ತು ಪಾತ್ರೆ ತೊಳೆಯುವಿಕೆ. ಹಿಂದಿನ ಸಂಜೆ ಕಲಕಲು ಇಟ್ಟ ರಿಯಾಕ್ಷನ್ ಬೆಳಿಗ್ಗೆ ಎಲ್ಲಿಗೆ ಮುಟ್ಟಿದೆ ಎಂದು ಟಿಎಲ್‌ಸಿ ಪ್ಲೇಟಿನ ಮೇಲೆ ಚುಕ್ಕೆ ಇಟ್ಟು ನೋಡಬೇಕು. ಮುಗಿದಿದ್ದರೆ ಗಾಜಿನ ಉದ್ದ ಕೊಳವೆಗೆ ಸಿಲಿಕಾ ತುಂಬಿ, ಮೇಲಿನಿಂದ ದ್ರಾವಕ ಸುರಿದು, ಕೆಳಗೆ ಹನಿಹನಿಯಾಗಿ ಬೀಳುವುದನ್ನು ಟೆಸ್ಟ್‌ಟ್ಯೂಬುಗಳಲ್ಲಿ ಹಿಡಿಯಬೇಕು. ಮಧ್ಯೆ ಬಿಟ್ಟು ಹೋಗುವಂತಿಲ್ಲ. ಕಾಲಂ ಒಣಗಿದರೆ ಅಷ್ಟೂ ದಿನದ ಶ್ರಮ ಹೋಯಿತು. ಎನ್‌ಎಂಆರ್ ಯಂತ್ರದ ಸರದಿ ಸಿಗುವುದು ಕೆಲವೊಮ್ಮೆ ರಾತ್ರಿ ಒಂದು ಗಂಟೆಗೆ. ಹೀಗೆ ನಮ್ಮ ದಿನಚರಿಯನ್ನು ಬರೆಯುವುದು ಫ್ಲಾಸ್ಕು. ಅದಕ್ಕೆ ಶನಿವಾರ, ಯುಗಾದಿ, ಅಣ್ಣನ ಮದುವೆ ಯಾವುದೂ ಗೊತ್ತಿಲ್ಲ.

ಈ ಕೆಲಸಕ್ಕೆ ಜನರ ತೆರಿಗೆ ಹಣದಿಂದ ಫೆಲೋಶಿಪ್ ಬರುತ್ತದೆ. 2023ರ ಜನವರಿಯಿಂದ ಅನ್ವಯವಾಗುವಂತೆ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್‌ಗೆ 42,000. ಕೆಲವು ತಿಂಗಳು ತಡವಾಗುವುದುಂಟು, ಆದರೂ ಬರುತ್ತದೆ. ಆದ್ದರಿಂದ 'ಟೈಮ್ ಎಲ್ಲಿ ಸಿಗ್ತದೆ' ಎಂಬ ಪ್ರಶ್ನೆಯ ಗಟ್ಟಿಯಾದ ರೂಪವೂ ಒಂದಿದೆ, ಅದನ್ನು ಹಾರಿಸಿ ಹೋಗುವುದು ಸರಿಯಲ್ಲ. ಬೇರೆಯವರ ದುಡಿಮೆಯ ದುಡ್ಡಿನಲ್ಲಿ ಓದುತ್ತಿರುವವನು ತನ್ನ ಪೂರ್ತಿ ಶಕ್ತಿಯನ್ನು ಓದಿಗೇ ಕೊಡಬೇಡವೇ?

ಇದಕ್ಕೆ ನಾವು ಸಾಮಾನ್ಯವಾಗಿ ಎರಡು ಉತ್ತರ ಕೊಡುತ್ತೇವೆ. ಮೊದಲನೆಯದು, 'ಹವ್ಯಾಸದಿಂದ ಮನಸ್ಸು ಫ್ರೆಶ್ ಆಗುತ್ತದೆ, ಆಮೇಲೆ ಕೆಲಸ ಚೆನ್ನಾಗಿ ಆಗುತ್ತದೆ'. ಎರಡನೆಯದು, 'ಯಾರಿಗೆ ಗೊತ್ತು, ಇದೇ ಒಂದು ದಿನ ಸಂಶೋಧನೆಗೂ ಉಪಯೋಗಕ್ಕೆ ಬಂದೀತು'. ಈ ಎರಡನೆಯ ಉತ್ತರಕ್ಕೆ ಸಾಕ್ಷಿಯಾಗಿ ನಾವು ಕರೆತರುವುದು ಸಿ.ವಿ. ರಾಮನ್ ಅವರನ್ನು. ನಾನು ಮದ್ದಳೆಯವನಾದ್ದರಿಂದ ನನಗಂತೂ ಅವರು ಬಹಳ ಅನುಕೂಲದ ಸಾಕ್ಷಿ.

ಬೋಳು ಚರ್ಮವನ್ನು ಬಿಗಿದು ಬಡಿದರೆ ಹೊರಡುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೂಲ ಸ್ವರದ ಕಂಪನವನ್ನು 1 ಎಂದುಕೊಂಡರೆ ಮುಂದಿನವು 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಬರುತ್ತವೆ. ಅದಕ್ಕೇ ಸಾಮಾನ್ಯ ಡೋಲಿನಿಂದ ಸದ್ದು ಬರುತ್ತದೆ, ಶ್ರುತಿ ಬರುವುದಿಲ್ಲ. ಮೃದಂಗ, ತಬಲಾಗಳಲ್ಲಿ ಚರ್ಮದ ನಡುವೆ ಪದರಪದರವಾಗಿ ಹಚ್ಚಿದ ಕಪ್ಪು ಲೇಪದ ಭಾರ ಈ ಕಂಪನಗಳನ್ನು ಸುಮಾರಾಗಿ 1, 2, 3, 4, 5 ಎಂಬ ಪೂರ್ಣಸಂಖ್ಯೆಗಳ ಅನುಪಾತಕ್ಕೆ ತಂದು ನಿಲ್ಲಿಸುತ್ತದೆ. 1920ರಲ್ಲಿ ರಾಮನ್ ಮತ್ತು ಶಿವಕಾಲಿ ಕುಮಾರ್ 'ನೇಚರ್' ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಬೆಂಗಳೂರಿಗೆ ಬಂದ ಮೇಲೂ ರಾಮನ್ ಇದರ ಬಗ್ಗೆ ವಿಸ್ತಾರವಾಗಿ ಬರೆದರು. ನಮ್ಮ ಯಕ್ಷಗಾನದ ಮದ್ದಳೆಯ ಬಲಗಡೆಯಲ್ಲೂ ಅಂಥದೇ ಕಪ್ಪು ಲೇಪವಿದೆ. ಅಂದಮೇಲೆ ನಾನು ಬಾರಿಸುತ್ತಿರುವುದೂ ಭೌತಶಾಸ್ತ್ರವೇ ಎಂದು ಯಾರ ಬಾಯಿಯನ್ನಾದರೂ ಮುಚ್ಚಿಸಬಹುದು.

ಆದರೆ ರಾಮನ್ ಅವರ ಬದುಕನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಈ ಸಾಕ್ಷಿ ನಮ್ಮ ಕಡೆಗೆ ನಿಲ್ಲುವುದಿಲ್ಲ. 1907ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಅವರು ಕಲ್ಕತ್ತೆಗೆ ಹೋದದ್ದು ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ. ಬೌಬಜಾರ್ ರಸ್ತೆಯಲ್ಲಿದ್ದ ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್‌ನಲ್ಲಿ ಅವರು ಪ್ರಯೋಗ ಮಾಡುತ್ತಿದ್ದದ್ದು ಆಫೀಸಿಗೆ ಹೋಗುವ ಮೊದಲು ಮತ್ತು ಆಫೀಸು ಮುಗಿದ ಮೇಲೆ. ನಡುವೆ ರಂಗೂನಿಗೆ, ನಾಗಪುರಕ್ಕೆ ವರ್ಗವೂ ಆಯಿತು. 1917ರಲ್ಲಿ ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಸೇರುವವರೆಗೂ, ಸುಮಾರು ಹತ್ತು ವರ್ಷ, ಅವರ ಕೆಲಸ ಲೆಕ್ಕಪತ್ರ. ಭೌತಶಾಸ್ತ್ರವೇ ಅವರ ಹವ್ಯಾಸ. 'ಇದಕ್ಕೆಲ್ಲ ಟೈಮ್ ಎಲ್ಲಿ ಸಿಗ್ತದೆ' ಎಂಬ ಪ್ರಶ್ನೆಯನ್ನು ಅವರಿಗೆ ಕೇಳುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅದು ಹಣಕಾಸು ಇಲಾಖೆಗೆ!

ಈಗ ನಾವು ಆ ಸಂಜೆಗಳನ್ನು ಮೆಚ್ಚುತ್ತೇವೆ, ಯಾಕೆಂದರೆ ಮುಂದೆ ನೊಬೆಲ್ ಬಂತು. ಅದೇ ಕಾಲದ, ಅದೇ ಊರಿನ ಇನ್ನೊಬ್ಬ ಗುಮಾಸ್ತನನ್ನು ಕಲ್ಪಿಸಿಕೊಳ್ಳಿ. ಅವನೂ ಹತ್ತು ವರ್ಷ ಆಫೀಸು ಮುಗಿದ ಮೇಲೆ ಪಿಟೀಲು ಬಾರಿಸಿದ, ಇಲ್ಲವೇ ನಕ್ಷತ್ರ ನೋಡಿದ. ಏನೂ ಆಗಲಿಲ್ಲ. ಯಾವ ಪುಸ್ತಕದಲ್ಲೂ ಅವನ ಹೆಸರಿಲ್ಲ. ಅವನ ಸಂಜೆಗಳು ವ್ಯರ್ಥವಾದವೇ? ವ್ಯರ್ಥ ಎನ್ನುವುದಾದರೆ, ನಾವು ಗೌರವಿಸುತ್ತಿರುವುದು ಬಹುಮಾನವನ್ನು ಮಾತ್ರ. ರಾಮನ್ ಅವರ ಸಂಜೆಗಳನ್ನಲ್ಲ. ಆ ಸಂಜೆಗಳಲ್ಲಿ ಇವರಿಬ್ಬರಿಗೂ ಮುಂದೇನಾದೀತೆಂದು ಗೊತ್ತಿರಲಿಲ್ಲ. ಇಬ್ಬರೂ ಮಾಡುತ್ತಿದ್ದದ್ದು ಒಂದೇ: ಯಾರೂ ಹೇಳದೆ, ಯಾರೂ ಕೂಲಿ ಕೊಡದೆ, ಒಂದು ವಸ್ತುವಿನ ಮೇಲೆ ಮನಸ್ಸಿಡುವುದು.

ತತ್ತ್ವಜ್ಞಾನಿ ಅಲಸ್ಡೇರ್ ಮ್ಯಾಕಿಂಟೈರ್ 1981ರ 'ಆಫ್ಟರ್ ವರ್ಚೂ' ಪುಸ್ತಕದಲ್ಲಿ ಒಂದು ಮಗುವಿನ ಉದಾಹರಣೆ ಕೊಡುತ್ತಾನೆ. ಚೆಸ್ ಆಡಲು ಇಷ್ಟವಿಲ್ಲದ ಮಗುವಿಗೆ ಆಡಿದರೆ ಮಿಠಾಯಿ, ಗೆದ್ದರೆ ಇನ್ನಷ್ಟು ಮಿಠಾಯಿ ಎಂದು ಆಸೆ ತೋರಿಸುತ್ತಾರೆ. ಮಿಠಾಯಿಗಾಗಿಯೇ ಆಡುವವರೆಗೆ ಮಗುವಿಗೆ ಮೋಸ ಮಾಡದಿರಲು ಕಾರಣವೇ ಇಲ್ಲ, ಸಿಕ್ಕಿಬೀಳದಿದ್ದರಾಯಿತು. ಆದರೆ ಒಂದು ದಿನ ಅದಕ್ಕೆ ಆಟದ ಒಳಗಿನದೇ ರುಚಿ ಹತ್ತಬಹುದು. ಆಮೇಲೆ ಮೋಸ ಮಾಡಿದರೆ ಅದು ಸೋಲಿಸುವುದು ತನ್ನನ್ನೇ. ಪಿಎಚ್‌ಡಿಯಲ್ಲಿರುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಪೇಪರ್ ಎಷ್ಟು, ಯಾವ ಜರ್ನಲ್, ಸೈಟೇಷನ್ ಎಷ್ಟು ಎಂಬ ಮಿಠಾಯಿ ಡಬ್ಬಿ ನಮ್ಮ ಬೆಂಚಿನ ಮೇಲೇ ಇದೆ. ಅಣುವಿನ ಮೇಲಿನ ಪ್ರೀತಿಯಿಂದ ಬಂದವರೂ ಮೂರನೆಯ ವರ್ಷಕ್ಕೆ ಡಬ್ಬಿಯನ್ನೇ ನೋಡುತ್ತಾ ಕೂರುತ್ತೇವೆ.

ನನ್ನ ಮದ್ದಳೆಯಲ್ಲಿ ಮಿಠಾಯಿ ಇಲ್ಲ. ಏಳು ವರ್ಷದಿಂದ ಕಲಿಯುತ್ತಿದ್ದೇನೆ. ಸುಳ್ಳು ಹೇಳುವುದೇಕೆ, ನಾನು ಸಾಧಾರಣ ಮದ್ದಳೆಗಾರ. ಝಂಪೆ, ರೂಪಕದವರೆಗೆ ಹೇಗೋ ನಿಭಾಯಿಸುತ್ತೇನೆ. ತ್ವರಿತ ತ್ರಿವುಡೆಯಲ್ಲಿ ವೇಗ ಏರಿದಂತೆ ಎಡಗೈ ಹಿಂದೆ ಬೀಳುತ್ತದೆ. ಭಾಗವತರು ಹಾಡು ನಿಲ್ಲಿಸದೆ ಒಮ್ಮೆ ನನ್ನ ಕಡೆ ನೋಡುತ್ತಾರೆ, ಅಷ್ಟೇ. ಆ ನೋಟ ಯಾವ ವಾರ್ಷಿಕ ವರದಿಗೂ ಸೇರುವುದಿಲ್ಲ. ಮುಂದಿನ ಪದ್ಯದಲ್ಲಿ ಕೈ ಸರಿಯಾಗಿ ಕೂತರೆ ಆ ಸಂತೋಷವೂ ಯಾವ ವರದಿಗೂ ಸೇರುವುದಿಲ್ಲ.

ಕರಾವಳಿಯಲ್ಲಿ ಹುಟ್ಟಿದ್ದರಿಂದ ನನಗೆ 'ಹವ್ಯಾಸಿ' ಎಂಬ ಮಾತು ಎಂದೂ ಹಗುರವಾಗಿ ಕೇಳಿಸಿಲ್ಲ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ನಮ್ಮಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಿನಲ್ಲೇ ಕೃಷ್ಣನಾಗಬೇಕು, ಕರ್ಣನಾಗಬೇಕು. ಹಾಗೆ ಕೂರುವವರಲ್ಲಿ ಮೇಷ್ಟ್ರುಗಳು, ಬ್ಯಾಂಕಿನವರು, ತೋಟದವರು. ಹೆಸರಾಂತ ಅರ್ಥಧಾರಿ ಎಂ. ಪ್ರಭಾಕರ ಜೋಶಿಯವರು ವೃತ್ತಿಯಿಂದ ವಾಣಿಜ್ಯಶಾಸ್ತ್ರದ ಅಧ್ಯಾಪಕರಾಗಿದ್ದವರು. ಅವರು ಅರ್ಥ ಹೇಳಿದ್ದರಿಂದ ಕಾಮರ್ಸ್ ಪಾಠ ಚೆನ್ನಾಯಿತೇ ಎಂದು ನಮ್ಮೂರಲ್ಲಿ ಯಾರೂ ಲೆಕ್ಕ ಕೇಳಿದ್ದಿಲ್ಲ.

ಹಾಗಾದರೆ ತೆರಿಗೆ ಕೊಟ್ಟವರಿಗೆ ನನ್ನ ಉತ್ತರವೇನು? ನಾನು ಅವರಿಗೆ ಪ್ರಾಮಾಣಿಕವಾದ ಕೆಲಸದ ಬಾಕಿದಾರ. ದತ್ತಾಂಶ ತಿದ್ದದಿರುವುದು, ಆಗದ ಪ್ರಯೋಗವನ್ನು ಆಗಲಿಲ್ಲ ಎಂದೇ ಬರೆಯುವುದು, ಕಾಲಂ ಒಣಗಲು ಬಿಡದಿರುವುದು, ಕಲಿತದ್ದನ್ನು ಹಂಚುವುದು ಇವೆಲ್ಲ ಆ ಬಾಕಿಯಲ್ಲಿವೆ. ಎಚ್ಚರವಿರುವ ಪ್ರತಿ ಗಂಟೆಯೂ ಆ ಬಾಕಿಯಲ್ಲಿ ಇಲ್ಲ. ಕೂಲಿ ಕೊಟ್ಟವನು ಕೆಲಸವನ್ನು ಕೊಳ್ಳುತ್ತಾನೆ, ಮನುಷ್ಯನನ್ನು ಕೊಳ್ಳುವುದಿಲ್ಲ ಎಂಬುದಕ್ಕಾಗಿ ಜಗತ್ತಿನ ದುಡಿಯುವವರು ಬಹುಕಾಲ ಹೋರಾಡಿದ್ದಾರೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೆಯ ವಿಧಿ ವಿಶ್ರಾಂತಿ ಮತ್ತು ವಿರಾಮವನ್ನು ಪ್ರತಿಯೊಬ್ಬರ ಹಕ್ಕು ಎಂದು ಹೇಳುತ್ತದೆ. ಆ ವಿರಾಮದಲ್ಲಿ ಉಪಯುಕ್ತವಾದದ್ದನ್ನೇ ಮಾಡಬೇಕೆಂಬ ಷರತ್ತನ್ನು ಅದು ಹಾಕಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಆ 'ಪ್ರತಿಯೊಬ್ಬರ' ಎಂಬ ಮಾತು. ಒಮ್ಮೆ ಊರಿಗೆ ಫೋನ್ ಮಾಡಿದಾಗ ಅಮ್ಮನನ್ನು ತಮಾಷೆಗೆ ಕೇಳಿದೆ, "ನಿನ್ನ ಹವ್ಯಾಸ ಎಂತ?" ಅಮ್ಮ, "ಕೆಲಸ ಮುಗಿದರಲ್ವಾ ಮಗಾ ಹವ್ಯಾಸ" ಎಂದು ನಕ್ಕಳು. ದನ, ಅಡುಗೆ, ತೋಟ, ರಾತ್ರಿ ಅಡಿಕೆ ಸುಲಿಯುವುದು. ಅಮ್ಮನಿಗೆ ಎಷ್ಟೋ ಪ್ರಸಂಗಗಳ ಪದ್ಯ ಬಾಯಿಗೆ ಬರುತ್ತದೆ. ಪಾತ್ರೆ ತೊಳೆಯುವಾಗ ಹೇಳಿಕೊಳ್ಳುತ್ತಾಳೆ, ಯಾರಾದರೂ ಬಂದರೆ ನಿಲ್ಲಿಸುತ್ತಾಳೆ. ನನ್ನ ಎರಡು ಗಂಟೆ ನಿಂತಿರುವುದು ಇಂಥ ಎಷ್ಟೋ ಕೈಗಳ ಮೇಲೆ: ಅಮ್ಮನ, ಮೆಸ್ಸಿನ ಅಡುಗೆಯವರ, ನಾವು ಏಳುವ ಮೊದಲೇ ಲ್ಯಾಬಿನ ನೆಲ ಒರೆಸಿ ಹೋಗುವ ಅಕ್ಕನ. ಹವ್ಯಾಸದ ವಿರುದ್ಧ ನಿಜವಾದ ಆಕ್ಷೇಪ ಇದೊಂದೇ ಎಂದು ನನಗನ್ನಿಸುತ್ತದೆ.

ನಾನು ಮದ್ದಳೆಯನ್ನು ಅಟ್ಟಕ್ಕೆ ಹಾಕಿದರೆ ಈ ಬಾಕಿ ತೀರುವುದಿಲ್ಲ. ಹಾಗೆ ಮಾಡಿದರೆ ನನ್ನ ಸಂಜೆಯೂ ಹೋಯಿತು, ಅಮ್ಮನಿಗೆ ಹೊಸದಾಗಿ ಒಂದು ಗಂಟೆಯೂ ಬರಲಿಲ್ಲ. ಆಗಬೇಕಾದದ್ದು ಅವಳ ಗಂಟೆ ಹೆಚ್ಚುವುದು. ಕಳೆದ ಆಟಿಯಲ್ಲಿ ಹತ್ತು ದಿನ ಊರಲ್ಲಿದ್ದೆ. ಭಜನಾ ಮಂದಿರದಲ್ಲಿ ತಾಳಮದ್ದಳೆಯಿದ್ದ ಸಂಜೆ ನಾನೂ ಅಪ್ಪನೂ ಅಡುಗೆಮನೆಗೆ ನಿಂತು ಅಮ್ಮನನ್ನು ಕಳಿಸಿದೆವು. ಹನ್ನೊಂದು ಗಂಟೆಗೆ ಕೊಡೆ ಕೊಡವುತ್ತಾ ಬಂದವಳು, ನಾವು ಮಾಡಿದ ಸಾರನ್ನು ಬಡಿಸಿಕೊಳ್ಳುತ್ತಾ, "ಕೃಷ್ಣ ಚೆಂದ ಮಾತಾಡಿದ, ಆದರೆ ಕರ್ಣನಿಗೆ ಮಾತಾಡಲಿಕ್ಕೇ ಬಿಡ್ಲಿಲ್ಲ, ಅದೆಂತ ಅರ್ಥಗಾರಿಕೆ" ಎಂದು ಅರ್ಧ ಗಂಟೆ ವಿಮರ್ಶೆ ಮಾಡಿದಳು. ಸಾರಿನ ವಿಮರ್ಶೆ ಒಂದೇ ವಾಕ್ಯದಲ್ಲಿ ಮುಗಿಯಿತು.

ಲ್ಯಾಬಿನಲ್ಲಿ ಈಗ ನಾನು ಸೀನಿಯರ್. ಭಾನುವಾರ ಯಾರು ಬರಬೇಕು ಎಂಬ ಪಟ್ಟಿ ಬರೆಯುವುದು ನಾನೇ. ವಿಜಯಪುರದ ಕಡೆಯ ಜೂನಿಯರ್ ಒಬ್ಬನಿಗೆ ಟೆನ್ನಿಸ್ ಬಾಲ್ ಕ್ರಿಕೆಟ್ಟಿನ ಹುಚ್ಚು. ಮೊನ್ನೆ ಬೆಂಚಿನ ಹತ್ತಿರ ಬಂದು, "ಅಣ್ಣಾ, ರವಿವಾರ ಮ್ಯಾಚ್ ಐತ್ರಿ" ಎಂದ. ನಾನು ಬಾಯಿ ತೆರೆಯುವ ಮೊದಲೇ, "ಎಕ್ಸರ್‌ಸೈಜೂ ಆಗ್ತೈತ್ರಿ, ಮೈಂಡೂ ಫ್ರೆಶ್ ಆಗ್ತೈತಿ, ಸೋಮವಾರ ಲಗೂನ ಬರ್ತೀನ್ರಿ" ಎಂದು ಸಮರ್ಥನೆ ಶುರುಮಾಡಿದ. ಇಷ್ಟು ಬೇಗ ಇವನಿಗೂ ಪಾಠ ಬಂದುಬಿಟ್ಟಿದೆಯಲ್ಲ ಅನ್ನಿಸಿತು. ಕಾರಣ ಬೇಡ ಮಾರಾಯ ಎಂದು ಪಟ್ಟಿಯಿಂದ ಅವನ ಹೆಸರು ತೆಗೆದೆ. ನೀನು ಬೌಲಿಂಗಾ, ಬ್ಯಾಟಿಂಗಾ ಎಂದು ಕೇಳಿದೆ.