ಸಮಪಾಲೋ, ತಕ್ಕ ಪಾಲೋ?

ಒಂದೇ ತರಗತಿಯಲ್ಲಿ ಮೂವತ್ತು ಮಂದಿ ಮಕ್ಕಳಿರಲಾಗಿ, ಅವರೊಳಗೆ ಒಂದು ಕೂಸು ಅಕ್ಷರಗಳನ್ನು ಉಳಿದವರಂತೆ ಗ್ರಹಿಸಲಾರದು. ಇಲ್ಲವೆ ಅದರ ಕಿವಿ ಮಂದವಾಗಿದೆ. ಇಲ್ಲವೆ ಅದು ಒಂದೆಡೆ ಕುಳಿತಿರಲಾರದು. ಇಂಥ ಒಂದು ಕೂಸಿಗಾಗಿ ಉಪಾಧ್ಯಾಯರು ಅಧಿಕ ಸಮಯವನ್ನು ವೆಚ್ಚಮಾಡುವದು ನ್ಯಾಯವೋ? ಉಳಿದವರ ಪಾಲನ್ನು ಕಸುಕೊಂಡ ಹಾಗಾಗುವದಿಲ್ಲವೋ? ಈ ಪ್ರಶ್ನೆಯನ್ನು ಕಠಿಣ ಹೃದಯದವರು ಮಾತ್ರವೇ ಕೇಳುತ್ತಾರೆಂದು ನಾವು ತಿಳಿಯಬಾರದು. ಒಳ್ಳೇ ತಾಯ್ತಂದೆಗಳೂ ದಣಿದ ಉಪಾಧ್ಯಾಯರೂ ಕೇಳುತ್ತಾರೆ. ಆದದರಿಂದ ಸಾವಧಾನವಾಗಿ ವಿಚಾರಿಸೋಣ.

ಸಂತೆಯಲ್ಲಿ ಎಲ್ಲರಿಗೂ ಒಂದೇ ಸೇರಿನಿಂದ ಅಳೆಯುವದು ನ್ಯಾಯವು. ಆದರೆ ಮನೆಯಲ್ಲಿ ತಾಯಿಯು ಹಾಗೆ ಅಳೆಯುವಳೋ? ನೇಗಿಲು ಹೊಡೆದು ಬಂದ ಮಗನಿಗೆ ಎರಡು ಮುದ್ದೆಯನ್ನೂ ಜ್ವರದಿಂದ ಮಲಗಿದವನಿಗೆ ಗಂಜಿಯನ್ನೂ ಕೊಟ್ಟು, ಅವನ ಬಳಿಯಲ್ಲೇ ಹೆಚ್ಚು ಹೊತ್ತು ಕುಳಿತಿರುವಳು. ಅವಳು ಪಕ್ಷಪಾತಿಯೆಂದು ಯಾರೂ ಹೇಳರು. ಯಾಕಂದರೆ ಸಮವಾಗಿರಬೇಕಾದದ್ದು ಮುದ್ದೆಯ ಲೆಕ್ಕವಲ್ಲ, ಹಸಿವು ತೀರುವದೇ. ಅದೇ ಪ್ರಕಾರ ಪಾಠಶಾಲೆಯು ಮಕ್ಕಳೆಲ್ಲರಿಗೂ ಸಮವಾಗಿ ಸಲ್ಲಿಸತಕ್ಕದ್ದು ನಿಮಿಷಗಳನ್ನಲ್ಲ, ವಿದ್ಯೆಯನ್ನು.

ಉಪಾಧ್ಯಾಯರ ಸಮಯಕ್ಕೆ ಮಿತಿಯುಂಟೆಂಬದು ನಿಜವೇ. ಆದರೆ ಹೊತ್ತನ್ನು ಬೇಡದ ಸಹಾಯಗಳು ಅನೇಕವುಂಟು: ಮುಂದಿನ ಸಾಲಿನಲ್ಲಿ ಕೂರಿಸುವದು, ಮುಖ ನೋಡಿ ಮಾತಾಡುವದು, ಪಾಠವನ್ನು ಸಣ್ಣ ತುತ್ತುಗಳಾಗಿ ಕೊಡುವದು. ಇವು ಉಳಿದವರಿಗೂ ಪ್ರಯೋಜನಕರವೇ. ಇದಕ್ಕೆ ಮೀರಿದ ಭಾರವನ್ನು ಒಬ್ಬ ಉಪಾಧ್ಯಾಯರ ಹೆಗಲಿಗೇ ಹೊರಿಸದೆ ಹಂಚಿಕೊಳ್ಳಬೇಕೆಂದೇ ವಿಶೇಷ ಸಂಪನ್ಮೂಲ ಶಿಕ್ಷಕರು ನೇಮಿಸಲ್ಪಟ್ಟಿದ್ದಾರೆ.

ಇಂಥ ಸಹಾಯವು ಭಿಕ್ಷೆಯೋ? 1887ರಲ್ಲಿ ಆನಿ ಶಾರ್ಪ್ ಎಂಬ ಮಿಶನ್ ಸ್ತ್ರೀಯು ಅಮೃತಸರದಲ್ಲಿ ಕುರುಡರಿಗೆ ಪಾಠಶಾಲೆಯನ್ನು ತೆರೆದಾಗ ಅದು ದಯೆಯ ಕಾರ್ಯವಾಗಿತ್ತು. ದಯೆಯು ತೆರೆದ ಬಾಗಲನ್ನು ಈಗ ಕಾನೂನು ಮುಚ್ಚಗೊಡುವದಿಲ್ಲ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರುಷದ ಮಕ್ಕಳಿಗೆ ಉಚಿತ ವಿದ್ಯೆಯನ್ನು ಕೊಟ್ಟು, ಮಕ್ಕಳನ್ನು ಹೊಡೆಯುವದನ್ನು ನಿಷೇಧಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ವಿಧದ ನ್ಯೂನತೆಗಳನ್ನು ಹೆಸರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳವರಿಗೆ 18 ವರುಷದ ವರೆಗೂ ಉಚಿತ ಶಿಕ್ಷಣವನ್ನು ಅನುಗ್ರಹಿಸಿತು. ಪರೀಕ್ಷೆಯಲ್ಲಿ ಹೆಚ್ಚು ಸಮಯಕ್ಕೂ ಬರೆದುಕೊಡುವವರ ನೆರವಿಗೂ ಅವಕಾಶವಿತ್ತಿತು. ಭಿಕ್ಷೆಯನ್ನು ಒಮ್ಮೆ ಕೇಳಿ ಹಿಂದಿರುಗುವರು. ಹಕ್ಕನ್ನಾದರೋ ದೊರಕುವ ತನಕ ಕೇಳಬೇಕು.

ಆದರೂ ಅನೇಕ ತಾಯಂದಿರು ಕೂಸನ್ನು ವೈದ್ಯರ ಬಳಿಗೆ ಒಯ್ಯಲು ಅಂಜುತ್ತಾರೆ. ‘ಪತ್ರ ಮಾಡಿಸಿದರೆ ಆ ಹೆಸರು ಜೀವಮಾನವೆಲ್ಲಾ ಅಂಟಿಕೊಳ್ಳುವದಲ್ಲಾ’ ಎನ್ನುತ್ತಾರೆ. ಈ ಭಯವನ್ನು ನಾವು ಹಗುರವಾಗಿ ಎಣಿಸೆವು. ಆದರೆ ಪ್ರಿಯ ವಾಚಕರೇ, ಆ ಕೂಸಿಗೆ ಈಗಾಗಲೇ ಹೆಸರುಗಳುಂಟು: ಮೊದ್ದು, ಸೋಮಾರಿ, ಹಟಮಾರಿ. ಈ ಹೆಸರುಗಳು ಇಲ್ಲದ ತಪ್ಪನ್ನು ಕೂಸಿನ ಮೇಲೆ ಹೊರಿಸುತ್ತವೆ. ವೈದ್ಯರ ಹೆಸರು ಕಾರಣವನ್ನು ತಿಳಿಸಿ ಸಹಾಯದ ದಾರಿಯನ್ನು ತೋರಿಸುತ್ತದೆ. ಅಲ್ಲದೆ ತಡವಾಗಿ ಕಲಿಯುವ ಕೂಸುಗಳೆಲ್ಲವೂ ನ್ಯೂನತೆಯುಳ್ಳವುಗಳಲ್ಲ. ಕೆಲವಕ್ಕೆ ಕನ್ನಡಕವೇ ಸಾಕು. ಕೆಲವಕ್ಕೆ ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ. ಪರೀಕ್ಷಿಸದೆ ಇದು ತಿಳಿಯುವದು ಹೇಗೆ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಅಂಗನವಾಡಿಗೆ ವರುಷಕ್ಕೆ ಎರಡಾವರ್ತಿ, ಸರಕಾರಿ ಶಾಲೆಗೆ ಒಂದಾವರ್ತಿ ಬರತಕ್ಕದ್ದು. ಆ ದಿನ ಕೂಸನ್ನು ಮನೆಯಲ್ಲಿ ಬಚ್ಚಿಡಬೇಡಿರಿ. ಶಾಲೆಗೆ ಸೇರಿದ ಮೇಲೆ ಮುಖ್ಯೋಪಾಧ್ಯಾಯರಿಗೆ ಮನವಿಯನ್ನು ಬರಹದಲ್ಲೇ ಕೊಟ್ಟು, ತಾರೀಖಿನ ಸಹಿತ ಒಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಅಲ್ಲಿ ಫಲ ಸಿಕ್ಕದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿರಿ.

ಓದುಬರಹ ಬಾರದ ತಾಯಿಯು ಈ ಕಚೇರಿಗಳನ್ನು ಒಂಟಿಯಾಗಿ ಸುತ್ತುವದು ಕಷ್ಟ. ಅವಳ ಮನವಿಯನ್ನು ಬರೆದುಕೊಡಲು, ಅವಳೊಂದಿಗೆ ಒಂದು ದಿನದ ಕೂಲಿಯನ್ನು ಬಿಟ್ಟು ಹೋಗಲು ನಮ್ಮೊಳಗೆ ಯಾರೂ ಇಲ್ಲವೋ? ತಕ್ಕ ಪಾಲು ಆ ಕೂಸಿಗೆ ಮಾತ್ರವಲ್ಲ, ಅದನ್ನು ಹೊತ್ತು ನಡೆಯುವವಳಿಗೂ ಸಲ್ಲಬೇಕಾಗಿದೆ.