ಸತ್ತವರಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಿದ ದಿನ

2015ರ ಏಪ್ರಿಲ್ 23ರಂದು ಸಂಜೆ ಏಳೂಕಾಲಕ್ಕೆ ಆರ್ಮೇನಿಯದ ಎಚ್ಮಿಯಾಜಿನ್ ಪ್ರಧಾನ ದೇವಾಲಯದಲ್ಲಿ ಗಂಟೆಗಳು ಮೊಳಗಿದವು. ರೈಲ್ವೆ ಗಡಿಯಾರದ ಲೆಕ್ಕದಲ್ಲಿ ಅದು 19:15. ಬೇಕೆಂದೇ ಆರಿಸಿಕೊಂಡ ಹೊತ್ತು ಅದು. ನೂರು ವರ್ಷಗಳ ಹಿಂದೆ, 1915ರಲ್ಲಿ, ಆಟೊಮನ್ ಸಾಮ್ರಾಜ್ಯದ ಆರ್ಮೇನಿಯನ್ನರನ್ನು ಊರೂರುಗಳಿಂದ ಎಬ್ಬಿಸಿ ಸಿರಿಯಾದ ಮರುಭೂಮಿಯ ಕಡೆಗೆ ನಡೆಸಲಾಗಿತ್ತು. ದಾರಿಯಲ್ಲಿ ಕತ್ತಿಗೆ, ಹಸಿವಿಗೆ, ಬಾಯಾರಿಕೆಗೆ ಬಲಿಯಾದವರು 15 ಲಕ್ಷ ಎನ್ನುವುದು ಆರ್ಮೇನಿಯನ್ನರ ಲೆಕ್ಕ. ಅದನ್ನು ನರಮೇಧ ಎಂದು ಕರೆಯಲು ಟರ್ಕಿ ಸರ್ಕಾರ ಇಂದಿಗೂ ಒಪ್ಪುವುದಿಲ್ಲ. ಆ ಸಂಜೆ ಅಲ್ಲಿನ ಧರ್ಮಸಭೆ, ಸತ್ತ ಅಷ್ಟೂ ಜನರನ್ನು ಸಂತರೆಂದು ಘೋಷಿಸಿತು.

ಮೇಲ್ನೋಟಕ್ಕೆ ಇದೊಂದು ಸಮಾರಂಭ. ಅದರ ಪರಿಣಾಮ ಮಾತ್ರ ದೊಡ್ಡದು. ಅಲ್ಲಿಯವರೆಗೆ ಆ ಸಭೆ ನರಮೇಧದ ನೆನಪಿನ ದಿನವಾದ ಏಪ್ರಿಲ್ 24ರಂದು ಸತ್ತವರ ಆತ್ಮಶಾಂತಿಗಾಗಿ ಪ್ರಾರ್ಥನೆ ಸಲ್ಲಿಸುತ್ತಿತ್ತು. ಸಂತರಾದವರಿಗೆ ಆತ್ಮಶಾಂತಿಯ ಪ್ರಾರ್ಥನೆ ಬೇಕಿಲ್ಲ. ಬದುಕಿರುವವರೇ ಅವರನ್ನು ‘ನಮಗಾಗಿ ಬೇಡಿಕೊಳ್ಳಿ’ ಎಂದು ಕೇಳಬೇಕು. ಹಾಗಾಗಿ 2015ರಿಂದ ಈಚೆಗೆ ಅಲ್ಲಿ ಅವರ ಹೆಸರಿನಲ್ಲಿ ಆತ್ಮಶಾಂತಿಯ ಪೂಜೆ ಇಲ್ಲ. ಅಜ್ಜಿಯ ತಂದೆಯನ್ನು ಮರಳಿನಲ್ಲಿ ಕಳೆದುಕೊಂಡ ಮನೆಯ ಮೊಮ್ಮಗ ಈಗ ಆ ಮುತ್ತಜ್ಜನಿಗಾಗಿ ಬೇಡುವುದಿಲ್ಲ, ಅವನನ್ನೇ ಬೇಡುತ್ತಾನೆ. ದುಃಖ ಕಡಿಮೆಯಾಯಿತು ಎಂದು ಯಾರೂ ಹೇಳಲಿಲ್ಲ. ಅದರ ದಿಕ್ಕು ಬದಲಾಯಿತು, ಅಷ್ಟೆ.

ನಮ್ಮಲ್ಲಿ ಸಾವಿನ ಮನೆಗೆ ಹೋದವರು ಏನಾದರೂ ಹೇಳಲೇಬೇಕು ಎಂದುಕೊಂಡು ‘ಎಲ್ಲಾ ದೇವರ ಇಚ್ಛೆ’ ಎನ್ನುತ್ತಾರೆ. ಕ್ರೈಸ್ತ ಮನೆಗಳಲ್ಲಿ ‘ಪ್ರಭುವಿನ ಚಿತ್ತ’ ಎನ್ನುವುದುಂಟು. ಹೇಳಿದವರಿಗೆ ಹಗುರ, ಕೇಳಿಸಿಕೊಂಡವರಿಗೆ ಇನ್ನಷ್ಟು ಭಾರ. ಬೈಬಲ್ ಓದಿದವರಿಗೆ ಗೊತ್ತು: ಯೋಬನ ಗೆಳೆಯರು ಏಳು ದಿನ ಬಾಯಿ ಮುಚ್ಚಿ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದಷ್ಟು ಹೊತ್ತು ಒಳ್ಳೆಯವರೇ ಆಗಿದ್ದರು. ಬಾಯಿ ಬಿಟ್ಟು ಕಾರಣ ವಿವರಿಸತೊಡಗಿದ ಮೇಲೆ ಕೆಟ್ಟರು. ಕಥೆಯ ಕೊನೆಗೆ ದೇವರು ಸಿಟ್ಟಾದದ್ದು ಗೊಣಗಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ.

ಒಬ್ಬ ಮನುಷ್ಯನ ಗತಿ ಇದಾದರೆ, ಇಡೀ ಜನಾಂಗಕ್ಕೇ ಏಟು ಬಿದ್ದಾಗ ಏನು ಮಾಡಬೇಕು? ಕ್ರಿ.ಶ. 301ರಲ್ಲಿ ರಾಜ್ಯವೇ ಕ್ರೈಸ್ತ ಧರ್ಮವನ್ನು ಸ್ವೀಕರಿಸಿತು, ಜಗತ್ತಿನಲ್ಲಿ ನಾವೇ ಮೊದಲು ಎನ್ನುವುದು ಆರ್ಮೇನಿಯನ್ನರ ಪರಂಪರೆಯ ಹೆಮ್ಮೆ. ಮೊದಲು ನಂಬಿದವರಿಗೆ ದೇವರು ಕೊಟ್ಟದ್ದೇನು ಎಂದು ಲೆಕ್ಕ ಕೇಳಿದರೆ ಉತ್ತರ ಸುಲಭವಲ್ಲ. ಪರ್ಷಿಯನ್ನರು, ಅರಬರು, ಸೆಲ್ಜೂಕರು, ಮಂಗೋಲರು, ಆಟೊಮನ್ನರು ಒಬ್ಬರಾದ ಮೇಲೊಬ್ಬರು ಬಂದರು. ಆಮೇಲೆ ಎಪ್ಪತ್ತು ವರ್ಷ, ದೇವರೇ ಇಲ್ಲ ಎನ್ನುತ್ತಿದ್ದ ಸೋವಿಯತ್ ಆಡಳಿತ. ಅಲ್ಲಿನ ದೊಡ್ಡ ಹಬ್ಬಗಳಲ್ಲಿ ಒಂದು, ಸೋತ ಯುದ್ಧದ ಹಬ್ಬ. 451ರಲ್ಲಿ ಅವರಾಯರ್ ಎಂಬ ಬಯಲಿನಲ್ಲಿ ಪರ್ಷಿಯನ್ ಸೇನೆಯ ಎದುರು ನಿಂತ ವರ್ದಾನ್ ಮಾಮಿಕೋನ್ಯನ್ ಅಲ್ಲೇ ಸತ್ತ, ಸೇನೆ ಸೋತಿತು. ಆರ್ಮೇನಿಯನ್ನರು ತಮ್ಮ ಧರ್ಮದಲ್ಲಿ ಉಳಿಯುವ ಹಕ್ಕನ್ನು ಪರ್ಷಿಯ ಒಪ್ಪಂದ ಮಾಡಿ ಒಪ್ಪಿಕೊಂಡದ್ದು 484ರಲ್ಲಿ, 33 ವರ್ಷಗಳ ನಂತರ. ಹಬ್ಬ ಮಾಡುವುದು ಮಾತ್ರ ಆ ಒಪ್ಪಂದದ ಹೆಸರಿನಲ್ಲಲ್ಲ, ಸತ್ತ ಸೇನಾಪತಿಯ ಹೆಸರಿನಲ್ಲಿ.

ಇಂಥ ಜನರ ಮನೆಗಳಲ್ಲಿ ಬೈಬಲ್ಲಿನ ಪಕ್ಕದಲ್ಲೇ ಇನ್ನೊಂದು ಪುಸ್ತಕ ಇರುತ್ತಿತ್ತು. ವಾನ್ ಸರೋವರದ ದಂಡೆಯ ನಾರೆಕ್ ಎಂಬ ಊರಿನ ಮಠದಲ್ಲಿದ್ದ ಗ್ರಿಗೋರ್ ಎಂಬ ಸನ್ಯಾಸಿ ಸುಮಾರು 1002ರಲ್ಲಿ ಬರೆದು ಮುಗಿಸಿದ 95 ಪ್ರಾರ್ಥನೆಗಳ ‘ಪ್ರಲಾಪಗಳ ಗ್ರಂಥ’. ಜನ ಅದನ್ನು ‘ನಾರೆಕ್’ ಎಂದಷ್ಟೇ ಕರೆಯುತ್ತಾರೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವರ ತಲೆದಿಂಬಿನ ಕೆಳಗೆ ಅದನ್ನು ಇಡುವ ರೂಢಿ ಇತ್ತು. ಸಮಾಧಾನದ ಮಾತುಗಳ ಪುಸ್ತಕ ಇರಬೇಕು ಎಂದುಕೊಂಡು ತೆರೆದವರು ಬೆಚ್ಚಿಬೀಳುತ್ತಾರೆ. ಸಾಂತ್ವನ ಅದರಲ್ಲಿ ಹುಡುಕಿದರೂ ಸುಲಭವಾಗಿ ಸಿಗುವುದಿಲ್ಲ. ಒಬ್ಬ ಮನುಷ್ಯ ತನ್ನ ಒಳಗಿನ ಕೊಳೆಯನ್ನೆಲ್ಲ ಹೊರಗೆಳೆದು, ಪಟ್ಟಿ ಮಾಡಿ, ದೇವರ ಮುಂದೆ ಸುರಿದು, ಇಷ್ಟಾದ ಮೇಲೂ ನೀನು ಹೋಗಬೇಡ ಎಂದು ಅಂಗಲಾಚುವ ಮಾತುಗಳೇ ಉದ್ದಕ್ಕೂ. ಪುಟದ ಮೇಲೆ ಪುಟ ಅದೇ. ಒಮ್ಮೊಮ್ಮೆ ಸಾಕಪ್ಪಾ ಅನ್ನಿಸುವಷ್ಟು. ಕಾಯಿಲೆಯವರ ತಲೆಯಡಿ ಇಂಥದ್ದನ್ನು ಏಕೆ ಇಡುತ್ತಿದ್ದರು? ನನಗೆ ಅನ್ನಿಸುವುದು ಇಷ್ಟು: ಉತ್ತರ ಸಿಗದವರಿಗೆ ಬೇಕಾದದ್ದು ಮಾತು ನಿಲ್ಲದಿರುವುದು. ದೇವರು ಸುಮ್ಮನಿದ್ದರೂ ಈ ಕಡೆಯಿಂದ ಮಾತು ನಡೆಯುತ್ತಲೇ ಇರಬೇಕು. ಆ ನಾರೆಕ್ ಮಠ 1915ರಲ್ಲಿ ಬರಿದಾಯಿತು, ಮುಂದೆ ಅದನ್ನು ಕೆಡವಲಾಯಿತು. ಪುಸ್ತಕ ಉಳಿಯಿತು. ಅದನ್ನು ಬರೆದ ಗ್ರಿಗೋರ್‌ಗೆ 2015ರ ಏಪ್ರಿಲ್‌ನಲ್ಲೇ ಪೋಪ್ ಫ್ರಾನ್ಸಿಸ್, ಜಗತ್ತಿನ ಎಲ್ಲ ಕ್ಯಾಥೊಲಿಕರಿಗೂ ಗುರುಸ್ಥಾನದಲ್ಲಿರುವ ‘ಧರ್ಮಸಭೆಯ ಪಂಡಿತ’ ಪದವಿ ಕೊಟ್ಟರು.

ಪುಸ್ತಕ ತಾನಾಗಿಯೇ ಉಳಿಯುವುದಿಲ್ಲ. ಯಾರಾದರೂ ಹೊರಬೇಕು. 1200ರ ಸುಮಾರಿಗೆ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದ ಪ್ರವಚನಗಳ ಒಂದು ಹಸ್ತಪ್ರತಿ ಮುಶ್ ಪಟ್ಟಣದ ಹತ್ತಿರದ ಮಠವೊಂದರಲ್ಲಿ ಇತ್ತು. ಬರೆದು ಮುಗಿದ ಸ್ವಲ್ಪ ದಿನಕ್ಕೇ ಅದು ದಾಳಿಕೋರರ ಪಾಲಾಗಿ, ಜನ ಊರೂರು ತಿರುಗಿ ಚಂದಾ ಎತ್ತಿ, ಒತ್ತೆ ಹಣ ಕೊಟ್ಟು ಬಿಡಿಸಿಕೊಂಡು ಬಂದಿದ್ದ ಗ್ರಂಥ. ತೂಕ 28 ಕಿಲೋ. 1915ರಲ್ಲಿ ಮಠ ಹಾಳಾದಾಗ, ಓಡಿಹೋಗುತ್ತಿದ್ದ ಇಬ್ಬರು ಹೆಂಗಸರ ಕಣ್ಣಿಗೆ ಅದು ಬಿತ್ತು. ಒಬ್ಬರಿಂದ ಎತ್ತಲಾಗದು. ಎರಡು ಭಾಗ ಮಾಡಿ ಒಬ್ಬೊಬ್ಬರು ಒಂದೊಂದನ್ನು ಹೊತ್ತರು. ಒಬ್ಬಾಕೆ ನಡೆದು ನಡೆದು ಎಚ್ಮಿಯಾಜಿನ್ ಸೇರಿ ತನ್ನ ಅರ್ಧವನ್ನು ಒಪ್ಪಿಸಿದಳು. ಇನ್ನೊಬ್ಬಾಕೆಗೆ ಅಷ್ಟು ದೂರ ಬರಲಾಗಲಿಲ್ಲ. ಸಾಯುವ ಮುಂಚೆ ಎರ್ಜುರುಮ್‌ನ ಮಠದ ಅಂಗಳದಲ್ಲಿ ತನ್ನ ಅರ್ಧವನ್ನು ಹೂತಿಟ್ಟಳು ಎಂದು ಆರ್ಮೇನಿಯನ್ನರು ಹೇಳುತ್ತಾರೆ. ಅದು ಮುಂದೆ ಒಬ್ಬ ಸೇನಾಧಿಕಾರಿಯ ಕೈಸೇರಿ, ಕೊನೆಗೆ ಮೊದಲ ಅರ್ಧವನ್ನು ಕೂಡಿಕೊಂಡಿತು. ಇವತ್ತು ಯೆರೆವಾನಿನ ಮಾತೆನಾದರಾನ್ ಹಸ್ತಪ್ರತಿ ಭಂಡಾರದಲ್ಲಿ ಅದನ್ನು ನೋಡಬಹುದು. ಆ ಇಬ್ಬರ ಹೆಸರು ಚರಿತ್ರೆಯಲ್ಲಿ ದಾಖಲಾಗಿಲ್ಲ. ಮಗುವನ್ನೋ ಹಿಟ್ಟಿನ ಚೀಲವನ್ನೋ ಹೊರಬೇಕಾದ ಹೊತ್ತಿನಲ್ಲಿ ಹದಿನಾಲ್ಕು ಕಿಲೋ ಚರ್ಮದ ಹಾಳೆಗಳನ್ನು ಹೊತ್ತವರು ಅವರು. ಅದು ವಿವೇಕವೋ ಹುಚ್ಚೋ ಎಂದು ತೀರ್ಪು ಕೊಡುವ ಯೋಗ್ಯತೆ ನಮಗಿಲ್ಲ.

ಹೊರಲಾಗದವರೂ ಇದ್ದರು. ಅವರನ್ನು ಬಿಟ್ಟು ಈ ಕಥೆ ಹೇಳಿದರೆ ಸುಳ್ಳಾಗುತ್ತದೆ. ಕೊಮಿತಾಸ್ ಎಂಬ ಸನ್ಯಾಸಿ ಪಾದ್ರಿ ಹಳ್ಳಿಹಳ್ಳಿ ತಿರುಗಿ ಸಾವಿರಾರು ಜನಪದ ಹಾಡುಗಳನ್ನು ಬರೆದುಕೊಂಡ ಸಂಗೀತಗಾರ. ಬಾಲ್ಯದಲ್ಲೇ ಅನಾಥನಾಗಿ ಮಠದಲ್ಲಿ ಬೆಳೆದವನು. 1915ರ ಏಪ್ರಿಲ್ 24ರ ರಾತ್ರಿ ಇಸ್ತಾಂಬುಲ್‌ನಲ್ಲಿ ಹಿಡಿದೊಯ್ದ ಆರ್ಮೇನಿಯನ್ ಗಣ್ಯರಲ್ಲಿ ಅವನೂ ಇದ್ದ. ಕೆಲವು ದಿನಗಳಲ್ಲಿ ಬಿಡುಗಡೆಯಾಯಿತು. ಜೊತೆಗಿದ್ದವರಲ್ಲಿ ಹೆಚ್ಚಿನವರು ಮರಳಲಿಲ್ಲ. ಮರಳಿದ ಕೊಮಿತಾಸ್‌ನ ಮನಸ್ಸು ಒಡೆಯಿತು. ಉಳಿದ ಸುಮಾರು ಇಪ್ಪತ್ತು ವರ್ಷವನ್ನು ಮಾನಸಿಕ ಆಸ್ಪತ್ರೆಗಳಲ್ಲಿ ಕಳೆದು 1935ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ಸಂಗೀತ ರಚನೆ ಮತ್ತೆ ಸಾಧ್ಯವಾಗಲಿಲ್ಲ. ‘ನಂಬಿಕೆ ಗಟ್ಟಿಯಿದ್ದರೆ ಎಂಥ ದುಃಖವನ್ನೂ ತಡೆದುಕೊಳ್ಳಬಹುದು’ ಎಂದು ವೇದಿಕೆಯಿಂದ ಹೇಳುವವರು ಒಮ್ಮೆ ಕೊಮಿತಾಸ್‌ನನ್ನು ನೆನೆದು ಮಾತಾಡಬೇಕು. ಅವನ ನಂಬಿಕೆ ಗಟ್ಟಿಯಿರಲಿಲ್ಲ ಎನ್ನಲು ಯಾರಿಗೆ ಧೈರ್ಯ? ಆದರೆ ಅವನು ಸ್ವರ ಹಾಕಿದ ಆರಾಧನೆಯನ್ನು ಇಂದಿಗೂ ಎಷ್ಟೋ ಆರ್ಮೇನಿಯನ್ ಚರ್ಚುಗಳಲ್ಲಿ ಹಾಡುತ್ತಾರೆ. ಅವನು ಹಾಡಲಾರದ ಇಪ್ಪತ್ತು ವರ್ಷವೂ ಅವನ ಪಾಲಿನದನ್ನು ಬೇರೆಯವರು ಹಾಡಿದರು. ನಂಬಿಕೆಯನ್ನು ಒಬ್ಬನ ಎದೆಯೊಳಗಿನ ಸ್ವಂತ ಆಸ್ತಿ ಎಂದುಕೊಳ್ಳುವ ಇವತ್ತಿನ ನಮಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ.

ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದನ್ನು ನೋಡಿರುತ್ತೀರಿ. ಆರ್ಮೇನಿಯದಲ್ಲಿ ಸತ್ತವರ ದಿನ ವರ್ಷಕ್ಕೆ ಐದು ಬಾರಿ. ಐದು ದೊಡ್ಡ ಹಬ್ಬಗಳ ಮಾರನೆಯ ದಿನಗಳು ಅವು. ಕ್ರಿಸ್ತಜಯಂತಿ ಮುಗಿದ ಬೆಳಗ್ಗೆ, ಈಸ್ಟರ್ ಮುಗಿದ ಸೋಮವಾರ ಮನೆಮಂದಿಯೆಲ್ಲ ಸಮಾಧಿಗೆ ಹೋಗಿ ಧೂಪ ಹಾಕುತ್ತಾರೆ. ಹಬ್ಬದ ಸಡಗರದ ಬೆನ್ನಿಗೇ ಅಳುವಿಗೂ ಒಂದು ದಿನವನ್ನು ಪಂಚಾಂಗದಲ್ಲಿ ಬರೆದಿಟ್ಟ ಆ ಹಿರಿಯರು ಮನುಷ್ಯರನ್ನು ಚೆನ್ನಾಗಿ ಬಲ್ಲವರು.

ಇಷ್ಟೆಲ್ಲ ಹಳೆಯ ಮಾತಾಯಿತು ಎನ್ನುವ ಹಾಗಿಲ್ಲ. 2020ರಲ್ಲಿ ನಗೋರ್ನೊ ಕರಬಾಖ್ ಎಂಬ ಪ್ರದೇಶಕ್ಕಾಗಿ ಅಜರ್‌ಬೈಜಾನ್ ಜೊತೆ 44 ದಿನ ಯುದ್ಧ ನಡೆಯಿತು. ಯುದ್ಧ ನಿಲ್ಲಿಸಿದ ಕರಾರಿನಂತೆ ಊರು ಬಿಡಬೇಕಾದವರಲ್ಲಿ ಕೆಲವರು ತಮ್ಮ ಮನೆಗಳಿಗೆ ತಾವೇ ಬೆಂಕಿ ಇಟ್ಟರು. ಕೆಲವರು ಹಿರಿಯರ ಸಮಾಧಿ ಅಗೆದು ಎಲುಬುಗಳನ್ನು ಜೊತೆಗೊಯ್ದರು. ಅದೇ ದಿನಗಳಲ್ಲಿ ದಾದಿವಾಂಕ್ ಎಂಬ ಹಳೆಯ ಮಠಕ್ಕೆ ಜನ ಬಂದು ದೀಕ್ಷಾಸ್ನಾನ ಪಡೆದರು. ಕೈಬಿಟ್ಟು ಹೋಗುತ್ತಿರುವ ಜಾಗದಲ್ಲಿ, ಕೈಬಿಡುವ ವಾರದಲ್ಲೇ! 2023ರ ಸೆಪ್ಟೆಂಬರ್‌ನಲ್ಲಿ ಉಳಿದ ಪ್ರದೇಶವೂ ಹೋಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಕೆಲವೇ ದಿನಗಳಲ್ಲಿ, ಸಿಕ್ಕ ಕಾರು, ಲಾರಿ, ಟ್ರ್ಯಾಕ್ಟರುಗಳಲ್ಲಿ ಆರ್ಮೇನಿಯ ಸೇರಿದರು.

ಇಲ್ಲೊಂದು ಮಾತು ಹೇಳಲೇಬೇಕು. 1990ರ ದಶಕದ ಮೊದಲ ಯುದ್ಧದಲ್ಲಿ ಗೆದ್ದವರು ಆರ್ಮೇನಿಯನ್ನರು. ಆಗ ಮನೆಮಠ ಕಳೆದುಕೊಂಡ ಅಜರ್‌ಬೈಜಾನಿಗರು ಲಕ್ಷಾಂತರ. ಅವರಿಗೂ ಸಮಾಧಿಗಳಿದ್ದವು, ಪ್ರಾರ್ಥಿಸುವ ಜಾಗಗಳಿದ್ದವು. ನಂಬಿಕೆಯನ್ನು ನೆಲದ ಗಡಿಗೆ ಕಟ್ಟಿದಾಗ ಎದುರಿನವರ ಅಳು ಕಿವಿಗೆ ಬೀಳುವುದಿಲ್ಲ. ಕ್ರೈಸ್ತರೂ ಇದಕ್ಕೆ ಹೊರತಲ್ಲ. ಶಿಲುಬೆಯನ್ನು ಸೋತಾಗ ಹಿಡಿದುಕೊಂಡವರು, ಗೆದ್ದಾಗ ಅದನ್ನು ಬಾವುಟದ ಮೇಲೆ ಏರಿಸುವುದು ಬಹಳ ಬೇಗ ಆಗಿಹೋಗುತ್ತದೆ. ದುಃಖದಲ್ಲಿ ಉಳಿದ ನಂಬಿಕೆ ಗೆಲುವಿನಲ್ಲಿ ಕೆಡಬಹುದು.

ಈ ಜನರ ಒಂದು ಕೊಂಡಿ ನಮ್ಮ ನೆರೆಯಲ್ಲೇ ಇದೆ. ಹದಿನೆಂಟನೆಯ ಶತಮಾನದ ಮದ್ರಾಸಿನಲ್ಲಿ ಆರ್ಮೇನಿಯನ್ ವ್ಯಾಪಾರಿಗಳ ಒಂದು ಪುಟ್ಟ ಸಮುದಾಯವಿತ್ತು. ಅವರ ಪಾದ್ರಿ ಹರುತ್ಯುನ್ ಶ್ಮಾವೊನ್ಯನ್, ಪರ್ಷಿಯದ ಶಿರಾಜ್‌ನವರು. ಆ ಸಭೆಯಲ್ಲಿ ಊರಿನ ಪಾದ್ರಿಗಳು ಮದುವೆಯಾಗುವ ಪದ್ಧತಿಯುಂಟು. ಶ್ಮಾವೊನ್ಯನ್‌ಗೆ ಇಬ್ಬರು ಗಂಡುಮಕ್ಕಳು. ಒಂದೇ ವಾರದಲ್ಲಿ ಇಬ್ಬರೂ ತೀರಿಕೊಂಡರು. ಅವರು ಜನರ ನಡುವಿನಿಂದ ಎದ್ದುಹೋಗಿ ವರ್ಷಗಟ್ಟಲೆ ಏಕಾಂತದಲ್ಲಿದ್ದರು. ಆಗ ಅವರಿಗೆ ದೇಶವೂ ಇರಲಿಲ್ಲ: ಆರ್ಮೇನಿಯ ಆಟೊಮನ್ ಮತ್ತು ಪರ್ಷಿಯನ್ ದೊರೆಗಳ ನಡುವೆ ಹಂಚಿಹೋಗಿತ್ತು. ಏಕಾಂತ ಮುಗಿಸಿ ಬಂದವರು ಮದ್ರಾಸಿನಲ್ಲಿ ಅಚ್ಚಿನ ಮನೆ ಹಾಕಿದರು. 1794ರಲ್ಲಿ ಅಲ್ಲಿಂದ ‘ಅಜ್ದರಾರ್’ ಹೊರಟಿತು. ಆರ್ಮೇನಿಯನ್ ಭಾಷೆಯಲ್ಲಿ ಜಗತ್ತಿನಲ್ಲೇ ಮೊದಲ ಪತ್ರಿಕೆ ಅದು. ಹದಿನೆಂಟು ಸಂಚಿಕೆ ಬಂದು 1796ರಲ್ಲಿ ನಿಂತಿತು. ಮಕ್ಕಳನ್ನು ಕಳೆದುಕೊಂಡ ಪಾದ್ರಿ, ದೇಶ ಕಳೆದುಕೊಂಡ ಜನರಿಗೆ ಸುದ್ದಿ ಮುಟ್ಟಿಸುವ ಕೆಲಸ ಹಿಡಿದರು. 1824ರಲ್ಲಿ ತೀರಿಕೊಳ್ಳುವವರೆಗೂ ಅವರು ಪಾದ್ರಿಯಾಗಿಯೇ ಇದ್ದರು.

ಚೆನ್ನೈಗೆ ಹೋದಾಗ ಹೈಕೋರ್ಟಿನ ಎದುರಿನ ಆರ್ಮೇನಿಯನ್ ಸ್ಟ್ರೀಟ್ ಕಡೆ ಒಮ್ಮೆ ಹೋಗಿ. ಬೀದಿಗೆ ಹೆಸರು ಕೊಟ್ಟ ಜನ ಈಗ ಆ ಊರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. 1772ರ ಚರ್ಚು ಹಾಗೇ ಇದೆ, ಶ್ಮಾವೊನ್ಯನ್ ಅವರ ಸಮಾಧಿ ಅದರ ಅಂಗಳದಲ್ಲಿದೆ.